ಕೀರ್ತಿಪುರದ ಮೇಲಿನ ನೀರು

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿರುವ ಬಿಳಿಗೆರೆ ಎಂಬ ಊರಿನ ಹೆಸರನ್ನು ಬಿಡಿಸಿದರೆ ‘ಬಿಳಿ’ ಮತ್ತು ‘ಕೆರೆ’ ಎಂಬ ಎರಡು ಅಚ್ಚಗನ್ನಡ ಪದಗಳು ದೊರೆಯುತ್ತವೆ. ಸಮಾಸದ ಉತ್ತರಪದದ ಆದಿಯ ಕಕಾರಕ್ಕೆ ಗಕಾರ ಬರುವುದು ಆದೇಶಸಂಧಿಯ ಸಾಮಾನ್ಯ ಲಕ್ಷಣ. ಇದೇ ಜಾಡಿನ ಇನ್ನೊಂದು ಹೆಸರು ಜೈನ ಸಾಹಿತ್ಯದ ಓದುಗರಿಗೆಲ್ಲ ಪರಿಚಿತವಾದ ‘ಬೆಳ್ಗೊಳ’. ಬೆಳ್ ಮತ್ತು ಕೊಳ ಸೇರಿ ಆದ ಆ ಹೆಸರನ್ನು ಶಾಸನಕವಿಗಳು ಧವಳಸರೋವರ, ಶ್ವೇತಸರೋವರ ಎಂದು ಸಂಸ್ಕೃತಕ್ಕೆ ತಿರುಗಿಸಿಕೊಂಡರು. ಒಂದು ಕೆರೆಯಿಂದ, ಇನ್ನೊಂದು ಕೊಳದಿಂದ ಹುಟ್ಟಿದ ಹೆಸರು. ಕೊಳವು ತಾನಾಗಿ ನಿಂತದ್ದೂ ಇರಬಹುದು, ಕಟ್ಟಿದ್ದೂ ಇರಬಹುದು. ಕೆರೆಯಾದರೋ ಬಹುಮಟ್ಟಿಗೆ ಏರಿ ಹಾಕಿ ಕಟ್ಟಿದ್ದು. ‘ಕೆರೆ ಕಟ್ಟಿಸಿದನು’ ಎಂಬುದು ಕನ್ನಡದ ಸಹಜ ಪ್ರಯೋಗ. ‘ಹೊಳೆ ಕಟ್ಟಿಸಿದನು’ ಎಂದು ಯಾರೂ ಹೇಳುವುದಿಲ್ಲ. ಆದರೂ ಇಂದು ಹಳೆಯ ಕೆರೆಯ ಏರಿಯ ಮೇಲೆ ನಿಂತು ನೋಡುವವನಿಗೆ ಅದು ಮನುಷ್ಯನ ಕೈಕೆಲಸವೆಂಬ ಅರಿವು ಸುಳಿಯುವುದಿಲ್ಲ. ತಾವರೆ, ನೀರುಹಕ್ಕಿ, ಏರಿಯ ಮೇಲಿನ ಆಲ, ಕೋಡಿಯ ಬಳಿಯ ದೇವತೆ ಎಲ್ಲವೂ ಅಲ್ಲಿ ಆದಿಯಿಂದಲೂ ಇದ್ದಂತೆ ತೋರುತ್ತವೆ.

ಈ ಮರೆವಿನಿಂದಲೇ ಒಂದು ಪ್ರಶ್ನೆ ಹುಟ್ಟುತ್ತದೆ. ಕಟ್ಟಿದ ಜಲಾಶಯದ ಚೆಲುವನ್ನೂ ಉಪಕಾರವನ್ನೂ ಮೆಚ್ಚುವಾಗ ಅದರ ತಳದಲ್ಲಿ ಮುಳುಗಿದ ನೆಲಕ್ಕೆ ನಮ್ಮ ಮನಸ್ಸಿನಲ್ಲಿ ಯಾವ ಸ್ಥಾನವಿದೆ? ಬಿಳಿಗೆರೆಯ ಸುತ್ತಣ ನಾಡಿಗೆ ಇದು ದೂರದ ಪ್ರಶ್ನೆಯಲ್ಲ. ಈ ನಾಡಿನ ಜೀವನದಿ ಕಪಿಲೆ, ಅಂದರೆ ಕಬಿನಿ. ಕೇರಳದ ವಯನಾಡಿನಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆಯ ಕಾಡುಗಳನ್ನು ಹಾಯ್ದು, ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ಮುಟ್ಟಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಈ ಹೊಳೆಗೆ ಬೀಚನಹಳ್ಳಿ ಮತ್ತು ಬಿದರಹಳ್ಳಿಗಳ ನಡುವೆ ಅಣೆಕಟ್ಟು ಕಟ್ಟಿ ಮುಗಿದದ್ದು 1974ರಲ್ಲಿ. ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಕಿತ್ತೂರೂ ಒಂದು. ಅದು ಕರ್ನಾಟಕದ ಪ್ರಾಚೀನ ರಾಜ್ಯಗಳಲ್ಲೊಂದಾದ ಪುನ್ನಾಟದ ರಾಜಧಾನಿ ಕೀರ್ತಿಪುರ.

ಮೊದಲು ಕೆರೆಯ ವಿಷಯದಲ್ಲಿ ನಮ್ಮ ಪೂರ್ವಿಕರ ನಿಲುವು ಏನಿತ್ತೆಂಬುದನ್ನು ನೋಡಬೇಕು. ಕನ್ನಡ ಶಾಸನಗಳಲ್ಲಿ ಕೆರೆ ಕಟ್ಟಿಸುವುದು ನಿರ್ವಿವಾದವಾದ ಪುಣ್ಯಕಾರ್ಯ. ಕಟ್ಟಿಸಿದವನಿಗೆ ಕೀರ್ತಿ, ಕಾಪಾಡಿದವನಿಗೆ ಧರ್ಮ, ಕೆಡಿಸಿದವನಿಗೆ ಪಾಪ. ಕೆರೆಯ ದುರಸ್ತಿಗಾಗಿ ಬಿಟ್ಟ ಬಿತ್ತುವಟ್ಟ, ಕೆರೆಗೊಡಗೆಗಳು ಶಾಸನಗಳಲ್ಲಿ ಹೇರಳವಾಗಿವೆ. ಬಸದಿಗಳಿಗೆ ದತ್ತಿ ಬಿಡುವಾಗಲೂ ‘ಕೆರೆಯ ಕೆಳಗಣ ಗದ್ದೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಜಿನಾಲಯದ ಅಷ್ಟವಿಧಾರ್ಚನೆಯೂ ಮುನಿಗಳ ಆಹಾರದಾನವೂ ಕೊನೆಗೆ ಯಾವುದೋ ಏರಿಯ ಹಿಂದೆ ನಿಂತ ನೀರನ್ನೇ ನೆಚ್ಚಿಕೊಂಡಿದ್ದವು. ದೊಡ್ಡ ಕೆರೆಗಳಿಗೆ ಸಮುದ್ರ, ಸಾಗರ ಎಂದು ಹೆಸರಿಡುತ್ತಿದ್ದುದರಲ್ಲಿಯೇ ಕಟ್ಟಿಸಿದವರ ಹೆಮ್ಮೆ ಕಾಣುತ್ತದೆ.

ವಿಜಯನಗರ ಕಾಲದ 1369ರ ಪೊರುಮಾಮಿಳ್ಳ ಶಾಸನ ಈ ಪರಂಪರೆಯ ಶಾಸ್ತ್ರಗ್ರಂಥದಂತಿದೆ. ಕಡಪ ಸೀಮೆಯಲ್ಲಿ ಒಂದನೆಯ ಬುಕ್ಕನ ಮಗನಾದ ಭಾಸ್ಕರನು ಕಟ್ಟಿಸಿದ ಅನಂತರಾಜಸಾಗರವೆಂಬ ಕೆರೆಯನ್ನು ಕುರಿತ ಆ ಸಂಸ್ಕೃತ ಶಾಸನ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳುನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಕಡಿಮೆಯಾಗಿ ಭೂಮಿ ಹೆಚ್ಚಾಗಿರುವುದು, ನೀರು ಹೆಚ್ಚಾಗಿ ಭೂಮಿ ಕಡಿಮೆಯಾಗಿರುವುದು ಇವು ಆರು ದೋಷಗಳು. ಎರಡು ರಾಜ್ಯಗಳ ಗಡಿಯಲ್ಲಿ ನೀರು ಕಟ್ಟುವುದು ದೋಷವೆಂದು ಆರೂವರೆ ಶತಮಾನಗಳ ಹಿಂದೆಯೇ ಬರೆದಿಟ್ಟವರ ಲೋಕಾನುಭವ ಕಾವೇರಿ ಕಣಿವೆಯ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಇಷ್ಟು ಸೂಕ್ಷ್ಮವಾದ ಈ ಪಟ್ಟಿಯಲ್ಲಿ ಒಂದು ಮಾತು ಇಲ್ಲ. ಕೆರೆಯ ಅಂಗಳದಲ್ಲಿ ಯಾರದಾದರೂ ಮನೆ, ಹೊಲ, ಗುಡಿ ಮುಳುಗುವುದು ದೋಷವೆಂದು ಅದು ಎಣಿಸುವುದಿಲ್ಲ.

ಶಾಸನ ಎಣಿಸದೆ ಬಿಟ್ಟದ್ದನ್ನು ಜನಪದ ಎಣಿಸಿದೆ. ‘ಕೆರೆಗೆ ಹಾರ’ ಎಂಬ ಕಥನಗೀತೆಯನ್ನು ಓದದ ಕನ್ನಡ ವಿದ್ಯಾರ್ಥಿ ಇರಲಾರ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದೆ, ಕಿರಿಯ ಸೊಸೆ ಭಾಗೀರಥಿ ಬಲಿಯಾಗುತ್ತಾಳೆ. ದಂಡಿನಿಂದ ಮರಳಿದ ಗಂಡ ಮಾದೇವರಾಯ ಅದೇ ಕೆರೆಗೆ ಹಾರುತ್ತಾನೆ. ಶಾಸನದ ಕಲ್ಲಿನಲ್ಲಿ ಕಟ್ಟಿಸಿದವನ ಹೆಸರಿದ್ದರೆ ಹಾಡಿನಲ್ಲಿ ಬೆಲೆ ತೆತ್ತವಳ ಹೆಸರಿದೆ. ಚನ್ನಗಿರಿ ಸೀಮೆಯ ಸೂಳೆಕೆರೆಯ, ಅಂದರೆ ಶಾಂತಿಸಾಗರದ, ಐತಿಹ್ಯವೂ ಇದೇ ಬಗೆಯದು. ಆ ಮಹಾಜಲರಾಶಿಯ ತಳದಲ್ಲಿ ಸ್ವರ್ಗಾವತಿ ಎಂಬ ಪಟ್ಟಣವಿತ್ತೆಂದು ಜನ ಹೇಳುತ್ತಾರೆ. ಕೆರೆ ಕಟ್ಟಿಸಿದ ಶಾಂತವ್ವೆಗೆ ತಂದೆಯಿಂದ ದೊರೆತದ್ದು ಕೀರ್ತಿಯಲ್ಲ, ಬೈಗುಳ. ಪಟ್ಟಣ ಅಲ್ಲಿತ್ತೋ ಇಲ್ಲವೋ ಎಂಬುದು ಬೇರೆ ಮಾತು. ಇಷ್ಟು ನೀರು ನಿಲ್ಲಬೇಕಾದರೆ ಏನೋ ಒಂದು ಮುಳುಗಿರಲೇಬೇಕು ಎಂಬ ತಿಳಿವಳಿಕೆ ಆ ಐತಿಹ್ಯದಲ್ಲಿದೆ. ಕೆರೆಯ ಹಿಗ್ಗು, ಕೆರೆಯ ಅಳಲು ಎರಡೂ ನಮ್ಮ ಪರಂಪರೆಗೆ ಗೊತ್ತಿದ್ದವು. ಅವು ಬೇರೆ ಬೇರೆ ಬಾಯಿಗಳಲ್ಲಿ ಉಳಿದುಬಂದವು.

ಈಗ ಕೀರ್ತಿಪುರಕ್ಕೆ ಬರೋಣ. ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ಪುನ್ನಾಟವನ್ನು ವೈಡೂರ್ಯ ದೊರೆಯುವ ಸ್ಥಳವೆಂದು ಹೆಸರಿಸುತ್ತಾನೆ. ಶಾಸನಗಳಲ್ಲಿ ಅದು ಪುನ್ನಾಟ ಆರುಸಾಸಿರ. ಅದರ ದೊರೆ ಸ್ಕಂದವರ್ಮನ ಮಗಳು ಗಂಗರ ಅವಿನೀತನನ್ನು ವರಿಸಿದಳು. ಅವರ ಮಗನೇ ದುರ್ವಿನೀತ. ತಾಯಿಯ ಕಡೆಯಿಂದ ಪುನ್ನಾಟ ಗಂಗರಾಜ್ಯದಲ್ಲಿ ಸೇರಿಹೋಯಿತು. ಭಾರವಿಯ ಕಿರಾತಾರ್ಜುನೀಯದ ಹದಿನೈದನೆಯ ಸರ್ಗಕ್ಕೆ ವ್ಯಾಖ್ಯಾನ ಬರೆದವನು, ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದವನು ಎಂದು ದುರ್ವಿನೀತನ ಕೀರ್ತಿ. ಕವಿರಾಜಮಾರ್ಗವು ಕನ್ನಡದ ಗದ್ಯಕಾರರನ್ನು ಹೆಸರಿಸುವಾಗ ಹೇಳುವ ದುರ್ವಿನೀತ ಈತನೇ ಎಂಬುದು ವಿದ್ವಾಂಸರಲ್ಲಿ ಬಹುಜನರ ಮತ. ಹಾಗಾದರೆ ಕನ್ನಡ ಗದ್ಯದ ಮೊದಲ ಹೆಸರುಗಳಲ್ಲಿ ಒಂದರ ತಾಯ್ಮನೆ ಇಂದು ಕಬಿನಿಯ ನೀರಿನ ಅಡಿಯಲ್ಲಿದೆ.

ಜೈನ ಇತಿಹಾಸದಲ್ಲಿ ಪುನ್ನಾಟದ ಸ್ಥಾನ ಇನ್ನೂ ದೊಡ್ಡದು. ಭದ್ರಬಾಹುವಿನ ಕಥೆಯನ್ನು ಹೇಳುವ ಹರಿಷೇಣನ ಬೃಹತ್ಕಥಾಕೋಶ, ಹತ್ತನೆಯ ಶತಮಾನದ ಕೃತಿ. ಬರಗಾಲಕ್ಕೆ ಅಂಜಿ ದಕ್ಷಿಣಕ್ಕೆ ಹೊರಟ ಮುನಿಸಂಘವು ಸೇರಿದ್ದು ದಕ್ಷಿಣಾಪಥದ ಪುನ್ನಾಟ ವಿಷಯವನ್ನು ಎಂದು ಅದು ಹೇಳುತ್ತದೆ. ಚಂದ್ರಗಿರಿಯ ಏಳನೆಯ ಶತಮಾನದ ಸುಮಾರಿನ ಒಂದು ನಿಸಿದಿ ಶಾಸನದಲ್ಲಿ ಕಿತ್ತೂರಿನ ಧರ್ಮಸೇನ ಗುರವಡಿಗಳ ಶಿಷ್ಯರಾದ ಬಲದೇವ ಗುರವಡಿಗಳು ಸನ್ಯಸನವಿಧಿಯಿಂದ ಮುಡಿಪಿದ ಸಂಗತಿ ದಾಖಲಾಗಿದೆ. ಕಪಿಲೆಯ ದಡದ ಆ ಊರಿಗೂ ಬೆಳ್ಗೊಳದ ಬೆಟ್ಟಕ್ಕೂ ಅಷ್ಟು ಹಿಂದೆಯೇ ಗುರುಶಿಷ್ಯ ಸಂಬಂಧವಿತ್ತು.

ಈ ನಾಡಿನ ಹೆಸರನ್ನು ಹೊತ್ತ ಪುನ್ನಾಟ ಸಂಘ ಉತ್ತರಾಭಿಮುಖವಾಗಿ ನಡೆಯಿತು. ಶಕ 705ರಲ್ಲಿ, ಅಂದರೆ ಕ್ರಿ.ಶ. 783ರಲ್ಲಿ, ಆ ಸಂಘದ ಜಿನಸೇನಾಚಾರ್ಯರು ವರ್ಧಮಾನಪುರದಲ್ಲಿ ಹರಿವಂಶಪುರಾಣವನ್ನು ರಚಿಸಿದರು. ಇವರು ಆದಿಪುರಾಣದ ಜಿನಸೇನರಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ವರ್ಧಮಾನಪುರವನ್ನು ಕೆಲವರು ಸೌರಾಷ್ಟ್ರದ ವಢವಾಣವೆಂದೂ ಕೆಲವರು ಮಾಳವದ ಬದನಾವರವೆಂದೂ ಗುರುತಿಸುತ್ತಾರೆ. ಎರಡರಲ್ಲಿ ಯಾವುದಾದರೂ ಅದು ಕಪಿಲೆಯಿಂದ ನೂರಾರು ಹರದಾರಿ ದೂರ. ಅಷ್ಟು ದೂರ ಹೋಗಿಯೂ, ಎಷ್ಟೋ ತಲೆಮಾರುಗಳ ನಂತರವೂ, ಆ ಮುನಿಗಳು ತಮ್ಮನ್ನು ಪುನ್ನಾಟದವರೆಂದೇ ಕರೆದುಕೊಂಡರು. ಮನೆಯಿಲ್ಲದ, ಪರಿಗ್ರಹವಿಲ್ಲದ ನಿರ್ಗ್ರಂಥರು ನಾಡಿನ ಹೆಸರೊಂದನ್ನು ಬಿಡಲಿಲ್ಲ. ಸಮುದ್ರ ಹಿಂದೆ ಸರಿದು ಬಿಟ್ಟುಕೊಟ್ಟ ಜಾಗದಲ್ಲಿ ಎದ್ದ ದ್ವಾರಾವತಿಯನ್ನೂ ದ್ವೀಪಾಯನನ ಕೋಪದಲ್ಲಿ ಅದು ಉರಿದುಹೋದುದನ್ನೂ ಹರಿವಂಶಪುರಾಣ ವರ್ಣಿಸುತ್ತದೆ. ಆ ಪುರಾಣಕಾರರ ಸಂಘಕ್ಕೆ ಹೆಸರು ಕೊಟ್ಟ ನಾಡಿನ ರಾಜಧಾನಿಗೆ ಹನ್ನೆರಡು ಶತಮಾನಗಳ ನಂತರ ಬಂದದ್ದು ನೀರಿನ ಗತಿ.

1974ರಲ್ಲಿ ಎರಡು ಘಟನೆಗಳು ಒಟ್ಟಿಗೆ ನಡೆದವು. ಕಬಿನಿ ಅಣೆಕಟ್ಟು ಪೂರ್ಣಗೊಂಡಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಮೂರನೆಯ ಸಂಪುಟವನ್ನು ಹೊರತಂದಿತು. ಆ ಸಂಪುಟ ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ ಮತ್ತು ನಂಜನಗೂಡು ತಾಲ್ಲೂಕುಗಳ ಶಾಸನಗಳದು. ಮುಳುಗುವ ತಾಲ್ಲೂಕಿನ ಶಾಸನಗಳೂ ನೀರು ಪಡೆಯುವ ತಾಲ್ಲೂಕಿನ ಶಾಸನಗಳೂ ಒಂದೇ ರಟ್ಟಿನೊಳಗೆ ಅಚ್ಚಾದವು. ಹೆಗ್ಗಡದೇವನಕೋಟೆಯ ಶಾಸನಗಳನ್ನು ಬಿ.ಎಲ್. ರೈಸ್ 1898ರಲ್ಲಿಯೇ ಪ್ರಕಟಿಸಿದ್ದನು. ಮುಳುಗಡೆಗೆ ಮುಕ್ಕಾಲು ಶತಮಾನ ಮೊದಲು ನಡೆದ ಈ ಕೆಲಸದಿಂದಾಗಿ ಕಿತ್ತೂರು ನಮಗೆ ಅಕ್ಷರರೂಪದಲ್ಲಾದರೂ ಉಳಿದಿದೆ. ಆದರೆ ಶಾಸನ ಕಲ್ಲಿನ ಮೇಲಿನ ಅಕ್ಷರ ಮಾತ್ರವಲ್ಲ. ಯಾವ ಹೊಲದ ಬದುವಿನಲ್ಲಿ, ಯಾವ ಗುಡಿಯ ಮುಂದೆ, ಯಾವ ದಿಕ್ಕಿಗೆ ಮುಖಮಾಡಿ ಆ ಕಲ್ಲು ನಿಂತಿತ್ತೆಂಬುದೂ ಅದರ ಅರ್ಥದ ಭಾಗ. ಆ ಅರ್ಧವನ್ನು ಪುಸ್ತಕಕ್ಕೆ ತರಲು ಬರುವುದಿಲ್ಲ.

ಪಡೆದುದರ ಲೆಕ್ಕವನ್ನೂ ಅಷ್ಟೇ ಪ್ರಾಮಾಣಿಕವಾಗಿ ಹೇಳಬೇಕು. ಕಬಿನಿ ಜಲಾಶಯದ ಸಾಮರ್ಥ್ಯ 19.52 ಟಿಎಂಸಿ, ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2284 ಅಡಿ. ವಯನಾಡಿನಲ್ಲಿ ಮುಂಗಾರು ಬಿರುಸಾದರೆ ಕಾವೇರಿ ಕಣಿವೆಯ ಜಲಾಶಯಗಳಲ್ಲಿ ಸಾಮಾನ್ಯವಾಗಿ ಮೊದಲು ತುಂಬುವುದು ಇದೇ. ಬಲದಂಡೆ ನಾಲೆಯ ನೀರು ನಂಜನಗೂಡಿನ ಕಡೆಯ ಹೊಲಗಳನ್ನು ಗದ್ದೆಗಳಾಗಿಸಿತು. ಮೈಸೂರು ನಗರದ ಕುಡಿಯುವ ನೀರಿನಲ್ಲಿ ಕಬಿನಿಯ ಪಾಲಿದೆ. ತಮಿಳುನಾಡಿಗೆ ಹರಿಯುವ ನೀರಿನಲ್ಲಿಯೂ ಇದರ ಪಾಲು ಸಣ್ಣದಲ್ಲ. ಮಳೆಯ ಕರುಣೆಯನ್ನೇ ನಂಬಿ ರಾಗಿ, ಜೋಳ ಬಿತ್ತುತ್ತಿದ್ದ ಒಂದು ಮನೆತನಕ್ಕೆ ನಾಲೆಯ ನೀರು ಎಂದರೆ ಏನೆಂಬುದನ್ನು ಅರಿಯದೆ ಅಣೆಕಟ್ಟನ್ನು ಹಳಿಯುವುದು ಸುಲಭದ ಕೆಲಸ. ಹಾಗೆ ಹಳಿಯುವ ಬರಹಗಾರನ ಮನೆಯ ನಲ್ಲಿಯಲ್ಲಿಯೂ ಬಹುಶಃ ಯಾವುದೋ ಜಲಾಶಯದ ನೀರೇ ಬರುತ್ತಿರುತ್ತದೆ.

ಕಳೆದುಕೊಂಡವರಲ್ಲಿ ಕಿತ್ತೂರಿನಂಥ ಹಳೆಯ ಊರುಗಳ ಒಕ್ಕಲುಗಳಿದ್ದರು. ಕಾಡಿನ ಹಾಡಿಗಳ ಜೇನುಕುರುಬ, ಬೆಟ್ಟಕುರುಬರಿದ್ದರು. ಒಕ್ಕಲಿಗನಿಗೆ ಪಹಣಿ ಇತ್ತು, ಪರಿಹಾರ ಕೇಳಲು ಒಂದು ಕಾಗದವಿತ್ತು. ಹಾಡಿಯವನಿಗೆ ಕಾಡಿನ ಮೇಲೆ ಇದ್ದದ್ದು ಅನುಭೋಗ. ಅದನ್ನು ಬರೆದುಕೊಳ್ಳುವ ಪುಸ್ತಕ ಯಾವ ಕಚೇರಿಯಲ್ಲಿಯೂ ಇರಲಿಲ್ಲ. ಮಾಸ್ತಿಯವರ ‘ಕಾಕನಕೋಟೆ’ ನಾಟಕದಿಂದ ಕನ್ನಡಿಗರೆಲ್ಲರಿಗೂ ಪರಿಚಿತವಾದ ನೆಲವಿದು. ಮೈಸೂರು ಅರಸರ ಖೆಡ್ಡಾ ನಡೆಯುತ್ತಿದ್ದುದೂ ಇಲ್ಲಿಯೇ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಖೆಡ್ಡಾದ ಬಯಲೂ ನೀರಿನಡಿಗೆ ಸರಿಯಿತು.

ಇದೇ ಜಿಲ್ಲೆಯ ನೆರೆಯಲ್ಲಿರುವ ಕನ್ನಂಬಾಡಿಯ ಕಥೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಯೋಜನೆಯಂತೆ, 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ 1930ರ ದಶಕದ ಮೊದಲಲ್ಲಿ ಮುಗಿಯಿತು. ಸಿಮೆಂಟಿಲ್ಲದೆ, ಸುರ್ಕಿ ಗಾರೆಯಿಂದ ಕಟ್ಟಿದ ಆ ಅಣೆಕಟ್ಟು ಮಂಡ್ಯ ಸೀಮೆಯ ಬದುಕನ್ನೇ ಬದಲಿಸಿತು. 1933ರ ಸಕ್ಕರೆ ಕಾರ್ಖಾನೆ ಆ ಬದಲಾವಣೆಯ ಗುರುತು. ಅದೇ ಎಡೆಯಲ್ಲಿ ಅಣೆಕಟ್ಟು ಕಟ್ಟುವ ಸಂಕಲ್ಪವನ್ನು ಹೇಳುವ ಟಿಪ್ಪುವಿನ 1794ರ ಪಾರಸಿ ಶಾಸನವೂ ದೊರೆತಿದೆ. ಅಲ್ಲಿ ಮುಳುಗಿದ ಕನ್ನಂಬಾಡಿಯ ಹೊಯ್ಸಳ ಕಾಲದ ವೇಣುಗೋಪಾಲ ದೇವಾಲಯ ಬರದ ವರ್ಷಗಳಲ್ಲಿ ಮೇಲೆದ್ದು ಕಾಣುತ್ತಿತ್ತು. ಈಚೆಗೆ ಖೋಡೆ ಪ್ರತಿಷ್ಠಾನದವರು ಅದರ ಕಲ್ಲುಕಲ್ಲನ್ನೂ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಇದು ಶ್ಲಾಘ್ಯವಾದ ಕೆಲಸ. ಆದರೆ ಇದರಿಂದ ಮುಳುಗಡೆಯ ಸ್ವರೂಪವೂ ತಿಳಿಯುತ್ತದೆ: ಕಂಬವನ್ನು ಸಾಗಿಸಬಹುದು, ವಿಗ್ರಹವನ್ನು ಸಾಗಿಸಬಹುದು, ಊರಿಗೂ ಗುಡಿಗೂ ನಡುವೆ ಇದ್ದ ಹಾದಿಯನ್ನು ಸಾಗಿಸಲಾಗದು. ಈಗ ಹಿನ್ನೀರಿನ ದಡದಲ್ಲಿರುವ ಆ ದೇವಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ನೀರಿನ ನೋಟವನ್ನು ಸವಿಯಲು ಬಂದ ಪ್ರವಾಸಿಗರು.

ಶರಾವತಿಯ ಕಥೆ ಇನ್ನೊಂದು ಬಗೆಯದು. 1964ರ ಲಿಂಗನಮಕ್ಕಿಯ ಮುಳುಗಡೆಗೆ ನಾ. ಡಿಸೋಜರಂಥ ಕಾದಂಬರಿಕಾರ ದೊರೆತರು. ‘ಮುಳುಗಡೆ’, ‘ದ್ವೀಪ’ ಕೃತಿಗಳಿಂದಾಗಿ ‘ಮುಳುಗಡೆ’ ಎಂಬ ಮಾತು ಕಂದಾಯ ಇಲಾಖೆಯ ಶಬ್ದವಾಗಿ ಉಳಿಯದೆ ಸಾಹಿತ್ಯದ ಶಬ್ದವಾಯಿತು. ನಾಡಿಗೆಲ್ಲ ಬೆಳಕು ಕೊಟ್ಟ ಆ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕಗಳ ನಂತರವೂ ಪೂರ್ತಿಯಾಗಿ ಬಗೆಹರಿದಿಲ್ಲ ಎಂಬುದನ್ನು ಮರೆಯಬಾರದು. ಮಹಾಕಾವ್ಯಕ್ಕೆ ಹೇಳಿದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವಿದೆ, ನಗರವಿದೆ, ಜಲಕ್ರೀಡೆಯಿದೆ. ನೀರಿನಲ್ಲಿ ಮುಳುಗುವ ಊರಿನ ವರ್ಣನೆಗೆ ಅಲ್ಲಿ ಎಡೆಯಿಲ್ಲ. ಇಪ್ಪತ್ತನೆಯ ಶತಮಾನದ ಕನ್ನಡ ಲೇಖಕರು ಆ ವರ್ಣನೆಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು.

ಕಬಿನಿಯ ಹಿನ್ನೀರು ಇಂದು ಬೇರೆಯೇ ಕಾರಣಕ್ಕೆ ಲೋಕಪ್ರಸಿದ್ಧ. ಬೇಸಿಗೆಯಲ್ಲಿ ನೀರು ಇಳಿದಂತೆ ತೆರೆದುಕೊಳ್ಳುವ ಕೆಸರುಬಯಲಿನಲ್ಲಿ ಹೊಸ ಹುಲ್ಲು ಚಿಗುರುತ್ತದೆ. ನಾಗರಹೊಳೆ, ಬಂಡೀಪುರ, ವಯನಾಡು ಕಾಡುಗಳಿಂದ ನೂರಾರು ಆನೆಗಳು ಅಲ್ಲಿಗೆ ಇಳಿದು ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕೂಡುವ ಎಡೆಗಳು ಲೋಕದಲ್ಲಿ ಬಹಳ ಇಲ್ಲ. ನೀರಿನ ನಡುವೆ ಒಣಗಿ ನಿಂತ ಮರಗಳ ಮೇಲೆ ಹಕ್ಕಿಗಳು ಕೂರುತ್ತವೆ. ಛಾಯಾಗ್ರಾಹಕರಿಗೆ ಅದು ಪ್ರಿಯವಾದ ದೃಶ್ಯ. ಅದನ್ನು ನಿಸರ್ಗದ ಅಚ್ಚ ಚೆಲುವೆಂದು ನಾವು ಮೆಚ್ಚುತ್ತೇವೆ. ಆದರೆ ಆ ಒಣಮರಗಳು ಮುಳುಗಿದ ಕಾಡಿನ ಅಸ್ಥಿ. ಆ ಹುಲ್ಲುಬಯಲು ಹುಟ್ಟುವುದು ತೂಬಿನ ಬಾಗಿಲು ತೆರೆದಾಗ. ಎರಡು ಅಭಯಾರಣ್ಯಗಳ ನಡುವೆ ಗಡಿಯಂತೆ ಹರಡಿರುವ ಆ ನೀರು ಒಮ್ಮೆ ಎರಡನ್ನೂ ಕೂಡಿಸಿದ್ದ ಕಣಿವೆ.

ಹಾಗೆಂದು ಆ ಚೆಲುವು ಸುಳ್ಳೇ? ಇಲ್ಲಿ ಜೈನ ಪರಿಭಾಷೆಯೊಂದು ನೆರವಿಗೆ ಬರುತ್ತದೆ. ಲೋಕವರ್ಣನೆಯಲ್ಲಿ ಜಿನಚೈತ್ಯಾಲಯಗಳನ್ನು ಅಕೃತ್ರಿಮ, ಕೃತ್ರಿಮ ಎಂದು ಎರಡಾಗಿ ವಿಂಗಡಿಸುತ್ತಾರೆ. ಮೇರು, ನಂದೀಶ್ವರಗಳಲ್ಲಿ ಅನಾದಿಯಾಗಿ ಇರುವಂಥವು ಅಕೃತ್ರಿಮ. ಮನುಷ್ಯರು ಕಟ್ಟಿದಂಥವು ಕೃತ್ರಿಮ. ವಂದನೆ ಎರಡಕ್ಕೂ ಸಲ್ಲುತ್ತದೆ. ‘ಕೃತ್ರಿಮ’ವೆಂದರೆ ಇಲ್ಲಿ ಹುಸಿಯೆಂಬ ಅರ್ಥವಿಲ್ಲ, ಮಾಡಲ್ಪಟ್ಟದ್ದೆಂದಷ್ಟೇ ಅರ್ಥ. ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯ ಹೆಸರಿಸುವ ಪದ್ಮ, ಮಹಾಪದ್ಮ ಮೊದಲಾದ ಆರು ಹ್ರದಗಳು ಅಕೃತ್ರಿಮ. ಬಿಳಿಗೆರೆಯೂ ಕಬಿನಿ ಜಲಾಶಯವೂ ಕೃತ್ರಿಮ. ಕೃತ್ರಿಮವಾದದ್ದಕ್ಕೆ ಕರ್ತೃವಿದ್ದಾನೆ, ಕಾಲವಿದೆ, ಕಾರಣವಿದೆ. ಆದ್ದರಿಂದ ಹೊಣೆಯೂ ಇದೆ. ಚೆಲುವನ್ನು ಮೆಚ್ಚುವುದರಲ್ಲಿ ತಪ್ಪಿಲ್ಲ. ಕೃತ್ರಿಮವನ್ನು ಅಕೃತ್ರಿಮವೆಂದು ಎಣಿಸಿದ ಗಳಿಗೆಯಲ್ಲಿ ಹೊಣೆ ಮಾಯವಾಗುತ್ತದೆ. ‘ಇಲ್ಲಿ ಮೊದಲಿನಿಂದಲೂ ನೀರೇ ಇತ್ತು’ ಎಂದುಕೊಂಡವನಿಗೆ ಕಿತ್ತೂರಿನವರ ಸಂಗಡ ಯಾವ ಲೇವಾದೇವಿಯೂ ಉಳಿಯುವುದಿಲ್ಲ.

ಶ್ರಾವಕಾಚಾರದ ಗ್ರಂಥಗಳು ಈ ಹೊಣೆಯನ್ನು ಸೂಕ್ಷ್ಮವಾಗಿ ಬಲ್ಲವು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರ ಶ್ರಾವಕನು ಬಿಡಬೇಕಾದ ಹದಿನೈದು ಬಗೆಯ ಜೀವನೋಪಾಯಗಳನ್ನು ಹೇಳುತ್ತದೆ. ಅವುಗಳಲ್ಲಿ ಸ್ಫೋಟಜೀವಿಕೆ ಒಂದು. ಕೆರೆಬಾವಿಗಳನ್ನು ಅಗೆಯುವುದು, ಕಲ್ಲು ಒಡೆಯುವುದು ಅದರಲ್ಲಿ ಸೇರುತ್ತವೆ. ಸರಃಶೋಷ ಇನ್ನೊಂದು, ಕೆರೆಯ ನೀರನ್ನು ಹರಿಯಗೊಟ್ಟು ಬತ್ತಿಸುವುದು. ಕೆರೆಯನ್ನು ಮಾಡುವುದರಲ್ಲಿಯೂ ಹಿಂಸೆಯಿದೆ, ಅಳಿಸುವುದರಲ್ಲಿಯೂ ಹಿಂಸೆಯಿದೆ ಎಂದು ಒಂದೇ ಪಟ್ಟಿ ಹೇಳುತ್ತದೆ. ಇದು ಹೊಟ್ಟೆಪಾಡಿನ ವೃತ್ತಿಯನ್ನು ಕುರಿತ ನಿಷೇಧ, ದಾನವಾಗಿ ಕೆರೆ ಕಟ್ಟಿಸುವುದನ್ನು ಕುರಿತದ್ದಲ್ಲ ಎಂಬುದು ನಿಜ. ಆದರೂ ಭೂಕಾಯ, ಅಪ್ಕಾಯ ಜೀವಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ದೃಷ್ಟಿಗೆ ಪೂರ್ತಿ ನಿರಪಾಯವಾದ ನೀರಾವರಿ ಎಂಬುದಿಲ್ಲ. ಇಂದು ಅಣೆಕಟ್ಟನ್ನು ಒಡೆದರೆ ಕಿತ್ತೂರು ಮರಳಿ ಬಾರದು. ಅರ್ಧ ಶತಮಾನದಲ್ಲಿ ಅಲ್ಲಿ ನೆಲೆಗೊಂಡ ಇನ್ನೊಂದು ಜೀವರಾಶಿ ಹೋಗುತ್ತದೆ, ನಂಜನಗೂಡಿನ ಗದ್ದೆ ಒಣಗುತ್ತದೆ.

ಮೆಚ್ಚುಗೆ ಮತ್ತು ಅಳಲು ಒಂದೇ ವಸ್ತುವಿನಿಂದ ಹೇಗೆ ಹುಟ್ಟುತ್ತವೆಂಬುದಕ್ಕೆ ನಮ್ಮ ದರ್ಶನದಲ್ಲಿ ಪ್ರಸಿದ್ಧವಾದ ದೃಷ್ಟಾಂತವಿದೆ. ಸಮಂತಭದ್ರಾಚಾರ್ಯರ ಆಪ್ತಮೀಮಾಂಸೆಯ 59ನೆಯ ಕಾರಿಕೆ ಅದು. ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡಿದರು. ಕಲಶ ಬೇಕಾಗಿದ್ದವನಿಗೆ ಶೋಕ, ಕಿರೀಟ ಬೇಕಾಗಿದ್ದವನಿಗೆ ಪ್ರಮೋದ, ಚಿನ್ನವಷ್ಟೇ ಬೇಕಾಗಿದ್ದವನಿಗೆ ಮಾಧ್ಯಸ್ಥ್ಯ. ಮೂರು ಭಾವಗಳಿಗೂ ಕಾರಣವಿದೆ ಎಂದು ಆಚಾರ್ಯರು ಹೇಳುತ್ತಾರೆ. ವಸ್ತುವು ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಕೂಡಿದ್ದು ಎಂಬುದನ್ನು ಸಾಧಿಸುವುದು ಕಾರಿಕ್ಕೆಯ ಉದ್ದೇಶ. ಕಣಿವೆ ಕಲಶ, ಜಲಾಶಯ ಕಿರೀಟ ಎಂದು ಇದನ್ನು ನಮ್ಮ ವಿಷಯಕ್ಕೆ ಹೊಂದಿಸುವುದು ಸುಲಭ. ಕಿತ್ತೂರಿನವರು ಅತ್ತರು, ನಂಜನಗೂಡಿನವರು ಹಿಗ್ಗಿದರು, ಇತಿಹಾಸಕಾರನು ಸಮಚಿತ್ತನಾಗಿ ಎರಡನ್ನೂ ಬರೆದುಕೊಂಡನು ಎಂದು ಮುಗಿಸಿಬಿಡಬಹುದು.

ಹಾಗೆ ಮುಗಿಸುವುದು ನನಗೆ ಸಮ್ಮತವಲ್ಲ. ಮೊದಲನೆಯದಾಗಿ, ದೃಷ್ಟಾಂತದ ಮೂವರೂ ಚಿನ್ನದ ಮುಂದೆ ಸಮಾನರು. ಅಣೆಕಟ್ಟಿನ ವಿಷಯದಲ್ಲಿ ಕಿರೀಟ ಬೇಕಾದವರ ಸಂಖ್ಯೆ ದೊಡ್ಡದು, ಅವರ ದನಿ ರಾಜಧಾನಿಗೆ ಕೇಳುತ್ತದೆ. ಕಲಶ ಬೇಕಾದವರು ಕಣಿವೆಯ ಒಳಗಿನ ಕೆಲವರು. ಎರಡನೆಯದಾಗಿ, ಕಿರೀಟವನ್ನು ಕರಗಿಸಿ ಮತ್ತೆ ಅಂಥದೇ ಕಲಶ ಮಾಡಬಹುದು. ಒಂದು ಊರೆಂಬ ಪರ್ಯಾಯ ಅಳಿದರೆ ಅದೇ ಪರ್ಯಾಯ ಮರಳುವುದಿಲ್ಲ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ‘ಮಾಧ್ಯಸ್ಥ್ಯ’ ಎಂಬ ಶಬ್ದದ ಪ್ರಯೋಗ. ವಸ್ತುಸ್ವರೂಪದ ವಿಚಾರದಲ್ಲಿ ಸಮಂತಭದ್ರರು ಅದನ್ನು ಬಳಸುತ್ತಾರೆ. ಆಚರಣೆಯ ವಿಚಾರದಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವೂ ಅದೇ ಶಬ್ದವನ್ನು ಬಳಸುತ್ತದೆ. ಅಲ್ಲಿ ಹೇಳಿದ ಭಾವನೆಗಳು ನಾಲ್ಕು: ಎಲ್ಲ ಜೀವಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ. ಪ್ರಮೋದ, ಮಾಧ್ಯಸ್ಥ್ಯ ಎಂಬ ಎರಡು ಮಾತುಗಳು ಎರಡೂ ಗ್ರಂಥಗಳಲ್ಲಿವೆ. ಕಾರಿಕೆಯಲ್ಲಿ ಇಲ್ಲದ, ಸೂತ್ರದಲ್ಲಿ ಮಾತ್ರ ಇರುವ ಮಾತು ಕಾರುಣ್ಯ. ಮನೆ ಕಳೆದುಕೊಂಡವರ ಮುಂದೆ ಮಾಧ್ಯಸ್ಥ್ಯವನ್ನು ತಾಳುವುದು ಅನೇಕಾಂತವೆಂದು ತಿಳಿದವರು ಯಾವ ಭಾವ ಯಾರಿಗೆ ವಿಹಿತವೆಂಬುದನ್ನು ಸೂತ್ರದಲ್ಲಿ ಮತ್ತೊಮ್ಮೆ ನೋಡಬೇಕು. ಅನೇಕಾಂತವು ಎರಡು ಪಕ್ಷಗಳ ಸತ್ಯವನ್ನೂ ಒಪ್ಪಿಸುತ್ತದೆ; ಎರಡು ಪಕ್ಷಗಳ ನೋವೂ ಸಮವೆಂದು ಅದು ಎಲ್ಲಿಯೂ ಹೇಳಿಲ್ಲ.

ಅಳಲಿನಲ್ಲಿಯೂ ವಿವೇಕ ಬೇಕು. ಮುಳುಗಿದ ಕಣಿವೆಯನ್ನು ಕುಂದಿಲ್ಲದ ಸ್ವರ್ಗವೆಂದು ಕಲ್ಪಿಸಿಕೊಳ್ಳುವುದು ಇತಿಹಾಸವಲ್ಲ. ಪುನ್ನಾಟದ ಅರಸರೂ ಕಾಡು ಕಡಿದೇ ನಾಡು ಮಾಡಿದವರು. ಕಿತ್ತೂರಿನ ಹೊಲಗಳ ಅಡಿಯಲ್ಲಿ ಅದಕ್ಕೂ ಹಿಂದಿನ ಯಾವುದೋ ಬೇಟೆಗಾರ ಕುಲದ ನೆಲೆ ಅಳಿದಿರಬಹುದು. ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಕಟ್ಟಿದ ಸೇತುವೆಯನ್ನು ಇಂದು ನಾವು ಪರಂಪರೆಯೆಂದು ಕಾಪಾಡುತ್ತೇವೆ. ಅಂದು ಅದು ಹೊಳೆಯ ಮೈಮೇಲೆ ಎದ್ದ ಹೊಸ ಕಟ್ಟಡವಾಗಿತ್ತು. ನಾಳಿನವರು ಕಬಿನಿ ಅಣೆಕಟ್ಟನ್ನೂ ಹೀಗೆಯೇ ನೋಡಿಯಾರು. ಹಾಗಾಗಿ ಇಲ್ಲಿ ಕೇಳಬೇಕಾದ್ದು ಕಟ್ಟಬೇಕಿತ್ತೇ ಬೇಡವೇ ಎಂಬ ಮುಗಿದುಹೋದ ಪ್ರಶ್ನೆಯನ್ನಲ್ಲ. ಪಡೆದವರು ಕೊಟ್ಟವರ ಋಣವನ್ನು ಯಾವ ರೂಪದಲ್ಲಿ ಇಟ್ಟುಕೊಂಡಿದ್ದಾರೆ ಎಂಬುದನ್ನು. ಹಿಂದಿನವರು ಕೆರೆಯ ಏರಿಯ ಮೇಲೆ ಶಾಸನ ನಿಲ್ಲಿಸುತ್ತಿದ್ದರು. ನಾಲೆಯ ನೀರು ಹರಿಯುವ ನಮ್ಮ ಊರುಗಳಲ್ಲಿ ಮುಳುಗಿದ ಊರುಗಳ ಹೆಸರನ್ನು ಕೆತ್ತಿದ ಒಂದು ಕಲ್ಲಾದರೂ ಇರಬೇಕಾಗಿತ್ತು.

ಸಂಶೋಧಕರಿಗೆ ಇಲ್ಲಿ ಮಾಡುವ ಕೆಲಸವಿದೆ, ಅದಕ್ಕೆ ಉಳಿದಿರುವ ಕಾಲ ಕಡಿಮೆ. ದಾನಶಾಸನಗಳಲ್ಲಿ ಎಲ್ಲೆಯನ್ನು ಹೇಳುವ ಭಾಗವನ್ನು ನಾವು ಸಾಮಾನ್ಯವಾಗಿ ಬೇಸರದಿಂದ ದಾಟಿಹೋಗುತ್ತೇವೆ: ಮೂಡಲು ಹುಣಿಸೆಯ ಮರ, ತೆಂಕಲು ಹಳ್ಳ, ಪಡುವಲು ನಟ್ಟಕಲ್ಲು, ಬಡಗಲು ಗುಡ್ಡೆ ಎಂಬ ಬಗೆಯ ಆ ಮಾತುಗಳೇ ಮುಳುಗಿದ ನೆಲದ ನಕ್ಷೆ. ಹೆಗ್ಗಡದೇವನಕೋಟೆಯ ಶಾಸನಗಳ ಎಲ್ಲೆಗಳನ್ನು ಹಳೆಯ ಗ್ರಾಮನಕ್ಷೆಗಳೊಡನೆ ಹೋಲಿಸಿ ಮುಳುಗಡೆ ಪ್ರದೇಶದ ಸ್ಥಳನಾಮಕೋಶವೊಂದನ್ನು ಸಿದ್ಧಪಡಿಸಬಹುದು. ಕಾಗದದಲ್ಲಿಲ್ಲದ ಹೆಸರುಗಳು ಜನರ ಬಾಯಲ್ಲಿವೆ. 1974ರಲ್ಲಿ ಹದಿನೈದು ವರ್ಷದವರಾಗಿದ್ದವರಿಗೆ ಈಗ ಅರವತ್ತು ದಾಟಿದೆ. ಯಾವ ಹೊಲಕ್ಕೆ ಏನು ಹೆಸರಿತ್ತು, ಯಾವ ಮಡುವಿನಲ್ಲಿ ದನ ತೊಳೆಯುತ್ತಿದ್ದರು, ಶಾಸನದ ಕಲ್ಲು ಯಾರ ಹಿತ್ತಿಲಿಗೆ ಹತ್ತಿರವಿತ್ತು ಎಂದು ಹೇಳಬಲ್ಲವರು ಅವರು. ಹಾಡಿಗಳ ಹಿರಿಯರಲ್ಲಿ ಕೇಳಿದರೆ ಯಾವ ಕಂದಾಯ ಪುಸ್ತಕದಲ್ಲಿಯೂ ಇಲ್ಲದ ಹಳ್ಳಕೊಳ್ಳಗಳ ಹೆಸರು ಬರುತ್ತವೆ. ನಂಜನಗೂಡು, ನರಸೀಪುರ, ಸರಗೂರು ಕಡೆಯ ಕಾಲೇಜುಗಳ ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇದಕ್ಕಿಂತ ಸಮೀಪದ ಕ್ಷೇತ್ರಕಾರ್ಯ ಬೇರೆ ಇಲ್ಲ.

ಪುನ್ನಾಟ ಸಂಘದ ಮುನಿಗಳು ತಾವು ಬಿಟ್ಟುಬಂದ ನಾಡಿನ ಹೆಸರನ್ನು ಪ್ರಶಸ್ತಿಯಲ್ಲಿ ಬರೆದಿಟ್ಟದ್ದರಿಂದ ಆ ನಾಡು ಪಶ್ಚಿಮ ಭಾರತದ ಗ್ರಂಥಭಂಡಾರಗಳಲ್ಲಿ ಉಳಿಯಿತು. ಕಬಿನಿಯ ಮಟ್ಟ 2284 ಅಡಿ ಮುಟ್ಟಿತೆಂಬ ಸುದ್ದಿ ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತದೆ. ಗಂಗಾಪೂಜೆಯಾಗುತ್ತದೆ, ಬಾಗಿನ ಅರ್ಪಿಸುತ್ತಾರೆ. ಆ ಬಾಗಿನ ಬೀಳುವ ನೀರಿನ ಅಡಿಯಲ್ಲಿರುವ ಊರುಗಳ ಪಟ್ಟಿಯನ್ನು ಅದೇ ದಿನ ಓದಿ ಹೇಳುವಷ್ಟು ಹೆಸರುಗಳನ್ನಾದರೂ ನಾವು ಕೂಡಿಸಿಡಬೇಕು. ಕೀರ್ತಿಪುರ ಎಂಬುದು ಅದರಲ್ಲಿ ಮೊದಲನೆಯದಾಗಲಿ.